ಹಣೆ ತಣ್ಣಗಿದ್ದ ಮಗು

ಮನೆಯಲ್ಲೇ ಆರು ಮಕ್ಕಳನ್ನು ನೋಡಿಕೊಳ್ಳುವ ಡೇ ಕೇರ್ ಶುರು ಮಾಡಿದಾಗ ನಾನು ಮೊದಲು ಕೊಂಡ ಆರೋಗ್ಯ ಸಲಕರಣೆ, ಹಣೆಯ ಮುಂದೆ ಹಿಡಿದರೆ ಕ್ಷಣದಲ್ಲಿ ಅಂಕಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್. ಅದೊಂದು ಕೈಯಲ್ಲಿದ್ದರೆ ಬಾಗಿಲಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ ಎಂದುಕೊಂಡಿದ್ದೆ. ಹಸಿರು ದೀಪ ಬಂದರೆ ಮಗು ಒಳಗೆ, ಕೆಂಪು ಬಂದರೆ ಮನೆಗೆ.

ಒಂದು ಬೆಳಿಗ್ಗೆ ಹತ್ತು ತಿಂಗಳ ಮಗುವೊಂದು ತಾಯಿಯ ಹೆಗಲಿಗೆ ತಲೆಯಾನಿಸಿಕೊಂಡು ಬಂತು. ಎಂದಿನಂತೆ ನನ್ನ ಕಡೆ ಕೈ ಚಾಚಲಿಲ್ಲ. ಹಣೆಯ ಅಂಕಿ 36.7 ಡಿಗ್ರಿ ಸೆಲ್ಸಿಯಸ್, ದೀಪ ಹಸಿರು. ತಾಯಿಗೆ ಕೆಲಸಕ್ಕೆ ಹೊತ್ತಾಗಿತ್ತು, ಅವರ ಹಿಂದೆ ಇನ್ನೊಂದು ಮಗು ಕಾಯುತ್ತಿತ್ತು. ನಾನು ಎತ್ತಿಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಅದು ಹಾಲು ಬೇಡವೆಂದು ಮುಖ ತಿರುಗಿಸಿತು. ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಗಡಿಯಾರ ನೋಡಿಕೊಂಡು ಉಸಿರು ಎಣಿಸಿದೆ: ನಿಮಿಷಕ್ಕೆ 58. ತಕ್ಷಣ ತಾಯಿಗೆ ಫೋನ್ ಮಾಡಿದೆ, ಅಲ್ಲಿಂದ ನೇರ ಆಸ್ಪತ್ರೆ. ಎದೆಯ ಸೋಂಕು ಎಂದರು. ಮಗು ಚೇತರಿಸಿಕೊಂಡಿತು. ಆದರೆ ಸಂಜೆ ತಾಯಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ರಾತ್ರಿಯೆಲ್ಲ ಕೆಮ್ಮುತ್ತಿತ್ತು. ಬೆಳಗಿನ ಜಾವ ಮೈ ಬಿಸಿ ಅನ್ನಿಸಿ ಜ್ವರದ ಔಷಧಿ ಕುಡಿಸಿದ್ದೆ. ನೀವು ಕೇಳಲಿಲ್ಲ, ನನಗೂ ಹೇಳಲು ಹೊಳೆಯಲಿಲ್ಲ."

ಥರ್ಮಾಮೀಟರ್ ಸುಳ್ಳು ಹೇಳಿರಲಿಲ್ಲ. ಔಷಧಿಯಿಂದ ಇಳಿದಿದ್ದ ಜ್ವರವನ್ನು ಅದು ಸರಿಯಾಗಿಯೇ ಅಳೆದಿತ್ತು. ತಪ್ಪಿದ್ದು ನಾನು. ಮಗು ಕೈ ಚಾಚಲಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೆ. ಕಂಡೂ ಆ ಅಂಕಿಯನ್ನೇ ನಂಬಿದೆ.

ಅಲ್ಲಿಂದ ಮುಂದೆ ಯಾವುದೇ ಸಲಕರಣೆ ತರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಫಲಿತಾಂಶ ಕೊಟ್ಟ ಮರುಕ್ಷಣ ನಾನು ಏನು ಮಾಡುತ್ತೇನೆ? ಉತ್ತರ ಸ್ಪಷ್ಟವಿಲ್ಲದಿದ್ದರೆ ತರುವುದಿಲ್ಲ. ದೊಡ್ಡ ಕೇಂದ್ರಗಳಲ್ಲಿ ಅಳೆಯುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ಪೋಷಕರ ಜೊತೆ ಮಾತನಾಡುವವರು ಮತ್ತೊಬ್ಬರು ಇರಬಹುದು. ನನ್ನಲ್ಲಿ ಇರುವುದು ನಾನೊಬ್ಬಳೇ. ನಾನು ಒಂದು ಮಗುವನ್ನು ಪರೀಕ್ಷಿಸುತ್ತಿರುವಾಗ ಉಳಿದ ಐವರ ಮೇಲೆ ಕಣ್ಣಿಡುವವರು ಯಾರೂ ಇಲ್ಲ. ಎರಡೂ ಕೈ ಬೇಡುವ, ಐದು ನಿಮಿಷ ತಲೆ ತಗ್ಗಿಸಿ ಕೂರಬೇಕಾದ ಯಾವ ಸಾಧನವೂ, ಎಷ್ಟೇ ನಿಖರವಾಗಿದ್ದರೂ, ಇಲ್ಲಿ ಕೆಲಸಕ್ಕೆ ಬಾರದು.

ಆ ಇನ್‌ಫ್ರಾರೆಡ್ ಯಂತ್ರವನ್ನು ನಾನು ಎಸೆದಿಲ್ಲ. ಅದನ್ನು ಬಳಸುವ ಬಗೆಯನ್ನು ಕಲಿತೆ. ಬಿಸಿಲಿನಿಂದ ಅಥವಾ ಚಳಿಯಿಂದ ಆಗಷ್ಟೇ ಒಳಬಂದ ಮಗುವಿನ ಹಣೆಗೆ ಹಿಡಿದರೆ ಅದು ಅಳೆಯುವುದು ಹೊರಗಿನ ಹವೆಯನ್ನೇ. ಟೋಪಿ ತೆಗೆದು, ಬೆವರು ಒರೆಸಿ, ಸ್ವಲ್ಪ ಹೊತ್ತು ಕೂರಿಸಿ ನೋಡಬೇಕು. ಯಂತ್ರವೂ ಅದೇ ಕೋಣೆಯಲ್ಲಿ ಹತ್ತರಿಂದ ಮೂವತ್ತು ನಿಮಿಷ ಇದ್ದಿರಬೇಕು. ಎಷ್ಟು ದೂರದಿಂದ ಹಿಡಿಯಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಅದನ್ನು ಕೈಪಿಡಿಯಲ್ಲೇ ನೋಡಬೇಕು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ: ಇಂಥ ಎಷ್ಟೋ ಯಂತ್ರಗಳಲ್ಲಿ ದೇಹದ ಶಾಖಕ್ಕೆ ಒಂದು, ವಸ್ತುವಿನ ಶಾಖಕ್ಕೆ ಒಂದು ಎಂದು ಎರಡು ಆಯ್ಕೆ ಇರುತ್ತವೆ. ಬಾಟಲಿಯ ಹಾಲನ್ನು ಅಳೆದ ಆಯ್ಕೆಯಲ್ಲೇ ಮಗುವನ್ನೂ ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ.

ಅನುಮಾನ ಬಂದರೆ ಈಗ ಕಂಕುಳಲ್ಲಿಡುವ ಸಾದಾ ಡಿಜಿಟಲ್ ಥರ್ಮಾಮೀಟರಿನಿಂದ ಮತ್ತೊಮ್ಮೆ ನೋಡುತ್ತೇನೆ. ಕಂಕುಳ ಅಂಕಿ ದೇಹದೊಳಗಿನ ಶಾಖಕ್ಕಿಂತ ತುಸು ಕಡಿಮೆ ಬರುತ್ತದೆ ಎಂಬುದು ನೆನಪಿದ್ದರೆ ಸಾಕು, ಮನೆಯ ಮಟ್ಟಿಗೆ ಅದು ನಂಬಬಹುದಾದ ಸಾಧನ. ಕಿವಿಯ ಥರ್ಮಾಮೀಟರ್ ಆರು ತಿಂಗಳೊಳಗಿನ ಶಿಶುವಿಗೆ ಹೊಂದುವುದಿಲ್ಲ, ಬಾಯಲ್ಲಿಡುವುದು ನಾಲ್ಕು ವರ್ಷಕ್ಕಿಂತ ಮೊದಲು ಬೇಡ. ಪಾದರಸದ ಗಾಜಿನ ಕಡ್ಡಿಯಂತೂ ಮಕ್ಕಳಿರುವ ಮನೆಯಲ್ಲಿ ಇರಲೇಬಾರದು. ಜ್ವರದ ಗಡಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್. ಮೂರು ತಿಂಗಳೊಳಗಿನ ಶಿಶುವಿನಲ್ಲಿ ಈ ಅಂಕಿ ಕಂಡರೆ ಕಾದು ನೋಡುವ ಮಾತೇ ಇಲ್ಲ, ಕೂಡಲೇ ವೈದ್ಯರ ಬಳಿ ಹೋಗಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ಸಾಧನವನ್ನು ಕೊಳ್ಳಬೇಕಾಗಿಯೇ ಬರಲಿಲ್ಲ: ಸೆಕೆಂಡಿನ ಮುಳ್ಳಿರುವ ಗೋಡೆ ಗಡಿಯಾರ. ಮಗು ಅಳದೆ ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಶಿಶುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿಗಳನ್ನು ಗಡಿಯಾರದ ಕೆಳಗೇ ಬರೆದು ಅಂಟಿಸಿದ್ದೇನೆ: ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರು. ಆ ದಿನ ಬಾಗಿಲಲ್ಲೇ ಎಣಿಸಿದ್ದರೆ ಮಗುವಿಗೆ ಮೂರು ಗಂಟೆ ಉಳಿಯುತ್ತಿತ್ತು. ರಕ್ತದಲ್ಲಿನ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತರಲು ಕೆಲವರು ಹೇಳಿದರು. ದೊಡ್ಡವರ ಬೆರಳಿಗೆಂದು ಮಾಡಿದ್ದು ಪುಟ್ಟ ಬೆರಳಲ್ಲಿ ನಿಲ್ಲುವುದಿಲ್ಲ, ಮಗು ಕೈ ಅಲುಗಿಸಿದರೆ ಅಂಕಿ ಕೆಡುತ್ತದೆ. ತರಲಿಲ್ಲ.

ಬೆಳವಣಿಗೆಯ ಪ್ರಶ್ನಾವಳಿಗಳ ವಿಷಯದಲ್ಲಿ ನಾನು ಮಾಡಿದ ತಪ್ಪು ಇನ್ನೂ ನೋವಿನದು. ಏಜಸ್ ಅಂಡ್ ಸ್ಟೇಜಸ್ ಎಂಬ ಹೆಸರಾಂತ ಪ್ರಶ್ನಾವಳಿಯ ಮೂರನೆಯ ಆವೃತ್ತಿ ಒಂದು ತಿಂಗಳಿನಿಂದ 66 ತಿಂಗಳವರೆಗಿನ ಮಕ್ಕಳಿಗೆ, ವಯಸ್ಸಿಗೊಂದರಂತೆ 21 ನಮೂನೆಗಳಲ್ಲಿದೆ. ಮಾತು, ನಡೆದಾಟ, ಬೆರಳುಗಳ ಚಲನೆ, ಸಮಸ್ಯೆ ಬಿಡಿಸುವುದು, ಜನರೊಡನೆ ಬೆರೆಯುವುದು ಎಂಬ ಐದು ವಿಭಾಗಗಳಿವೆ. ಅದು ಪೋಷಕರು ತುಂಬಲೆಂದೇ ಮಾಡಿದ್ದು. ನಾನು ಒಂದು ಸಂಜೆ ಕುಳಿತು ಎಲ್ಲ ಮಕ್ಕಳದ್ದನ್ನೂ ನಾನೇ ತುಂಬಿದೆ. ಇಪ್ಪತ್ತು ತಿಂಗಳ ಹುಡುಗನೊಬ್ಬನ ಅಂಕ ಕಡಿಮೆ ಬಂತು. ಮರುದಿನ ಅವನ ತಂದೆಗೆ ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ. ಆ ಮನುಷ್ಯನ ಮುಖ ಬಿಳಿಚಿಕೊಂಡಿತು. ಸ್ವಲ್ಪ ತಡೆದು ಕೇಳಿದರು: "ಇವನು ಎರಡು ತಿಂಗಳು ಮುಂಚೆ ಹುಟ್ಟಿದವನು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ?"

ತೆಗೆದುಕೊಂಡಿರಲಿಲ್ಲ. ಮೂರು ವಾರ ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಅಷ್ಟು ವಾರಗಳನ್ನು ಕಳೆದು ನಮೂನೆ ಆರಿಸಬೇಕು ಎಂದು ಆ ಸಾಧನವೇ ಹೇಳುತ್ತದೆ. ಇಪ್ಪತ್ತರ ಬದಲು ಹದಿನೆಂಟು ತಿಂಗಳ ನಮೂನೆಯನ್ನು ಮನೆಯಲ್ಲಿ ತಂದೆ ತಾಯಿ ಇಬ್ಬರೂ ಕೂತು ತುಂಬಿ ತಂದರು. ಅವನು ಮನೆಯಲ್ಲಿ ಆಡುವ ಎಷ್ಟೋ ಮಾತುಗಳನ್ನು ನಾನು ಕೇಳಿಯೇ ಇರಲಿಲ್ಲ. ಅಂಕ ಸರಿಯಾಗಿತ್ತು. ಆದರೆ ಆ ಒಂದು ರಾತ್ರಿ ಅವರಿಬ್ಬರೂ ನಿದ್ದೆಗೆಟ್ಟದ್ದನ್ನು ನಾನು ಹಿಂದಿರುಗಿಸಲಾರೆ.

ಹಾಗೆಂದು ಪ್ರಶ್ನಾವಳಿ ಬೇಡವೆನ್ನಲಾರೆ. ದಿನವಿಡೀ ಮಗುವನ್ನು ನೋಡುವ ನಮ್ಮಂಥವರಿಗೆ ಬೇಗ ಕಾಣುವ ಸಂಗತಿಗಳಿವೆ, ಅವನ್ನು ಹೇಳದೆ ಉಳಿಯುವುದೂ ತಪ್ಪೇ. ಆರಿಸುವಾಗ ನಾನು ಈಗ ಮೊದಲು ನೋಡುವುದು ಅದು ಪೋಷಕರ ಭಾಷೆಯಲ್ಲಿ, ಪರಿಶೀಲಿಸಿದ ಅನುವಾದದಲ್ಲಿ ಸಿಗುತ್ತದೆಯೇ ಎಂದು. ನಾನೇ ಕೂತು ಅನುವಾದಿಸಿದರೆ ಪ್ರಶ್ನೆಯ ತೂಕ ಬದಲಾಗಿ ಅಂಕಕ್ಕೆ ಬೆಲೆಯಿಲ್ಲದಂತಾಗುತ್ತದೆ. ಆಟಿಸಂ ತಪಾಸಣೆಯ ಎಂ-ಚಾಟ್ ಪ್ರಶ್ನಾವಳಿಯ ಪರಿಷ್ಕೃತ ಆವೃತ್ತಿ 16ರಿಂದ 30 ತಿಂಗಳವರಿಗೆ, 20 ಪ್ರಶ್ನೆಗಳು, ಉಚಿತವಾಗಿಯೇ ಸಿಗುತ್ತದೆ. ಆದರೆ ಅದರ ಅಂಕ ನಡುವಿನ ಹಂತದಲ್ಲಿ ಬಂದರೆ ಎರಡನೆಯ ಸುತ್ತಿನ ಸಂದರ್ಶನ ಬೇಕು. ಅದನ್ನು ಮಾಡಬಲ್ಲ ವೈದ್ಯರ ಹೆಸರು ನನ್ನ ಬಳಿ ಇಲ್ಲದಿದ್ದರೆ ನಾನು ಆ ಕಾಗದವನ್ನು ಯಾರ ಕೈಗೂ ಕೊಡುವುದಿಲ್ಲ. ತಪಾಸಣೆ ಹೇಳುವುದು "ಇನ್ನಷ್ಟು ನೋಡಬೇಕು" ಎಂಬಷ್ಟನ್ನೇ. ಈ ಮಾತನ್ನು ಪೋಷಕರಿಗೆ ನಮೂನೆ ಕೊಡುವ ಮುಂಚೆ ಹೇಳುತ್ತೇನೆ, ಅಂಕ ಬಂದ ಮೇಲೆ ಅಲ್ಲ. ಬಾಗಿಲಲ್ಲಿ ನಿಂತು ಹೇಳುವುದಂತೂ ಇಲ್ಲವೇ ಇಲ್ಲ.

ಬೆಳಗಿನ ಬಾಗಿಲು ಬೇರೆ ಕೆಲಸಕ್ಕೆ ಮೀಸಲು. ಪೋಷಕರು ಹೊರಡುವ ಮುನ್ನ ನಾನು ಮಗುವಿನ ಎತ್ತರಕ್ಕೆ ಬಗ್ಗಿ ಕಣ್ಣು, ಮೂಗು, ಚರ್ಮ, ಉಸಿರು ನೋಡುತ್ತೇನೆ. ಮೂರು ಪ್ರಶ್ನೆ ಕೇಳುತ್ತೇನೆ: ರಾತ್ರಿ ಹೇಗೆ ಮಲಗಿತು, ಬೆಳಿಗ್ಗೆ ಏನು ತಿಂದಿತು, ಯಾವುದಾದರೂ ಔಷಧಿ ಕೊಟ್ಟಿದ್ದೀರಾ. ಎರಡು ನಿಮಿಷದ ಕೆಲಸ. ಮೊದಲಿಗೆ ಕೆಲವರಿಗೆ ಇದು ವಿಚಾರಣೆಯಂತೆ ಅನ್ನಿಸಿತು, ಈಗ ಅವರೇ ಚಪ್ಪಲಿ ಬಿಡುವಾಗಲೇ ಹೇಳಿಬಿಡುತ್ತಾರೆ.

ಬರೆದಿಡಲು ಮೊಬೈಲ್ ಆ್ಯಪ್ ಬಳಸುತ್ತಿಲ್ಲ. ಮಕ್ಕಳ ಆರೋಗ್ಯದ ಮಾಹಿತಿ ಎಲ್ಲಿ ಹೋಗಿ ಕೂರುತ್ತದೆ ಎಂದು ಪೋಷಕರಿಗೆ ಹೇಳಲು ಬಾರದಿದ್ದರೆ ಅದನ್ನು ಅಲ್ಲಿ ಹಾಕುವ ಹಕ್ಕು ನನಗಿಲ್ಲ. ಮಗುವಿಗೊಂದು ನೋಟ್‌ಪುಸ್ತಕ, ಬೀಗವಿರುವ ಕಪಾಟು. ಪ್ರತಿ ಪುಟದಲ್ಲಿ ಮೂರು ಕಲಂ: ಕಂಡದ್ದು, ಅಳೆದದ್ದು, ಮಾಡಿದ್ದು. ಕಳೆದ ವಾರದ ಒಂದು ಸಾಲು: "ಕೈ ಚಾಚಲಿಲ್ಲ. 36.9, ಉಸಿರು 34. ತಾಯಿ ಹೊರಡುವ ಮುನ್ನ ಕೇಳಿದೆ, ರಾತ್ರಿ ಹಲ್ಲು ನೋವಿಗೆ ಅತ್ತಿದೆಯಂತೆ. ಹತ್ತು ಗಂಟೆಗೆ ಮತ್ತೆ ಎಣಿಸಿದೆ, 32. ತಾಯಿಗೆ ಸಂದೇಶ ಕಳಿಸಿದೆ."