ಆಯುವ ಮನೆಯಲ್ಲಿ ಉತ್ತರ ಕೊಡದ ದಿನ

ಒಣಗಿದ ಕಾಫಿಯ ಹೊಟ್ಟು ತೆಗೆದು ಕಾಳನ್ನು ಆಯ್ದು ವಿಂಗಡಿಸುವ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕೇಂದ್ರದಲ್ಲಿ ಹದಿನೇಳು ವರ್ಷಗಳಿಂದ ತೂಕದ ಮೇಜಿನ ಲೆಕ್ಕ ಬರೆಯುತ್ತಿದ್ದೇನೆ. ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಿಂದ ಬರುವ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಮತ್ತು ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಚೀಲಗಳನ್ನು ತೂಗಿಸಿ, ಮಾದರಿ ತೆಗೆದು ತೇವಾಂಶ ನೋಡಿ, ಬೆಳೆಗಾರರ ಹೆಸರಿನಲ್ಲಿ ದಾಖಲಿಸುವುದು ನನ್ನ ಕೆಲಸ. ಕೊಯ್ಲಿನ ಕಾಲದಲ್ಲಿ ನಮಗೆ ಭಾನುವಾರವೆಂಬುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಚರ್ಚಿನ ಆರಾಧನೆಗೆ ಹೋಗಿ ಬರಲು ಹಿಂದಿನ ಮೇಲಧಿಕಾರಿಗಳು ನನಗೆ ಬಾಯಿಮಾತಿನಲ್ಲಿ ಅನುಮತಿ ಕೊಟ್ಟಿದ್ದರು. ಆ ಎರಡು ಗಂಟೆಯನ್ನು ನಾನು ಸಂಜೆ ತುಂಬಿಕೊಡುತ್ತಿದ್ದೆ. ಅವರು ನಿವೃತ್ತರಾಗಿ ಹೊಸಬರು ಬಂದ ಮೊದಲ ಕೊಯ್ಲಿನಲ್ಲೇ ಆ ಏರ್ಪಾಡು ಮುರಿದುಬಿತ್ತು.

ಮುರಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸ ಅಧಿಕಾರಿಗಳು ಕಚೇರಿಯಲ್ಲಿ ನಮ್ಮೊಡನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಮಾತನಾಡುತ್ತಿದ್ದರು. ಆ ಸೋಮವಾರ ಮಾತ್ರ ಅವರು ನನ್ನನ್ನು ಕಚೇರಿಗೆ ಕರೆಯಲಿಲ್ಲ. ಕಾಳು ಆಯುವ ಹೆಂಗಸರು ಸಾಲಾಗಿ ಕುಳಿತಿದ್ದ ಮನೆಗೇ ನನ್ನನ್ನು ಕರೆಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ಅಚ್ಚ ಕನ್ನಡದಲ್ಲಿ ಮಾತನಾಡಿದರು. ನೀನು ಹೋಗಿ ಹಾಡಿ ಬಂದರೆ ಲಾರಿಯಿಂದ ಚೀಲ ಇಳಿಯುತ್ತದೆಯೇ, ನಿನ್ನ ದೇವರು ಬಂದು ತಕ್ಕಡಿಯ ಮುಂದೆ ನಿಲ್ಲುತ್ತಾನೆಯೇ, ನಾಳೆ ಕೆಲಸ ಹೋದರೆ ಅವನು ಸಂಬಳ ಕೊಡುತ್ತಾನೆಯೇ ಎಂದು ಕೇಳಿದರು. ನನ್ನ ಮೇಜಿನ ಡ್ರಾಯರಿನ ಒಳಬದಿಗೆ ಅಂಟಿಸಿದ್ದ ಕೀರ್ತನೆಯ ಒಂದು ಸಾಲಿನ ಚೀಟಿಯನ್ನು ಸಂಜೆಯೊಳಗೆ ಕಿತ್ತುಹಾಕಬೇಕೆಂದೂ ಹೇಳಿದರು. ನಲವತ್ತು ಕೈಗಳು ಕಾಳಿನ ಮೇಲೆ ಹಾಗೆಯೇ ನಿಂತುಬಿಟ್ಟವು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಆಗ ನನಗೆ ನೆನಪಾದದ್ದು ಯೆರೂಸಲೇಮಿನ ಗೋಡೆ. ಬೈಬಲಿನ ಎರಡನೆಯ ಅರಸುಗಳ ಗ್ರಂಥದ 18ನೆಯ ಅಧ್ಯಾಯದಲ್ಲಿಯೂ ಯೆಶಾಯನ 36ನೆಯ ಅಧ್ಯಾಯದಲ್ಲಿಯೂ ಆ ಕಥೆ ಇದೆ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಯೆಹೂದದ ಕೋಟೆಗಳನ್ನು ಒಂದೊಂದಾಗಿ ಹಿಡಿದು, ಲಾಕೀಷಿನಿಂದ ತನ್ನ ಅಧಿಕಾರಿಯಾದ ರಬ್ಷಾಕೆಯನ್ನು ಸೈನ್ಯಸಮೇತ ಯೆರೂಸಲೇಮಿಗೆ ಕಳುಹಿಸಿದ. ಅವನು ಅಗಸರ ಹೊಲದ ದಾರಿಯಲ್ಲಿ, ಮೇಲಣ ಕೆರೆಯ ಕಾಲುವೆಯ ಬಳಿ ನಿಂತು ಮಾತು ಆರಂಭಿಸಿದಾಗ, ಯೆರೂಸಲೇಮಿನಲ್ಲಿದ್ದ ಯೆಹೂದದ ಅರಸ ಹಿಜ್ಕೀಯನ ಕಡೆಯವರು ಅವನಲ್ಲಿ ಒಂದು ಬೇಡಿಕೆ ಇಟ್ಟರು: ನಮಗೆ ಅರಾಮ್ಯ ಭಾಷೆ ತಿಳಿಯುತ್ತದೆ, ಅದರಲ್ಲೇ ಮಾತನಾಡು, ಗೋಡೆಯ ಮೇಲಿರುವ ಜನರಿಗೆ ತಿಳಿಯುವ ಭಾಷೆಯಲ್ಲಿ ಬೇಡ. ರಬ್ಷಾಕೆ ಅದನ್ನು ಕೇಳಿದ್ದೇ ತಡ, ಇನ್ನೂ ಗಟ್ಟಿಯಾಗಿ ಯೆಹೂದ್ಯರ ಭಾಷೆಯಲ್ಲೇ ಕೂಗಿದ. ಬೇರೆ ಜನಾಂಗಗಳ ದೇವರುಗಳಲ್ಲಿ ಯಾವನು ತನ್ನ ನಾಡನ್ನು ನಮ್ಮ ಕೈಯಿಂದ ಬಿಡಿಸಿದ್ದಾನೆ, ನಿಮ್ಮವನು ಬಿಡಿಸುತ್ತಾನೆಂದು ಹೇಗೆ ನಂಬಿದ್ದೀರಿ ಎಂಬುದು ಅವನ ಪ್ರಶ್ನೆಯಾಗಿತ್ತು. ಜನರು ಒಂದು ಮಾತನ್ನೂ ಆಡಲಿಲ್ಲ. ಅವನಿಗೆ ಉತ್ತರ ಕೊಡಬಾರದೆಂದು ಹಿಜ್ಕೀಯನ ಅಪ್ಪಣೆಯಾಗಿತ್ತು.

ಈ ಭಾಗವನ್ನು ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದರೂ, ಭಾಷೆಯ ಈ ಸಂಗತಿ ಎಷ್ಟು ಮುಖ್ಯವೆಂಬುದು ಆಯುವ ಮನೆಯ ನಡುವೆ ನಿಂತಾಗಲೇ ನನಗೆ ಹೊಳೆದದ್ದು. ರಬ್ಷಾಕೆಯ ಪ್ರಶ್ನೆ ಪ್ರಶ್ನೆಯೇ ಆಗಿರಲಿಲ್ಲ; ಗೋಡೆಯ ಮೇಲಿದ್ದವರ ಎದೆಯನ್ನು ಒಡೆಯುವುದಕ್ಕೆ ಅವನು ಹೂಡಿದ ಆಯುಧ ಅದು. ಗೋಡೆಯ ಮೇಲಿನಿಂದ ಒಬ್ಬ ಉತ್ತರ ಕೊಟ್ಟಿದ್ದರೂ ಆ ಮಾತುಕತೆ ಅವನು ಬಯಸಿದ ಜಾಗದಲ್ಲಿ, ಅವನು ಬಯಸಿದ ಜನರ ಮುಂದೆ, ಅವನು ಹಾಕಿದ ದಾರಿಯಲ್ಲೇ ಮುಂದುವರಿಯುತ್ತಿತ್ತು. ನಾನೂ ಸುಮ್ಮನೆ ನಿಂತೆ. ಅವರು ಮಾತು ಮುಗಿಸಿದ ಮೇಲೆ ‘ಆಗಲಿ ಸಾರ್, ಲಾರಿ ಬಂದಿದೆ’ ಎಂದಷ್ಟೇ ಹೇಳಿ ತಕ್ಕಡಿಯ ಬಳಿಗೆ ಹೋದೆ.

ನನ್ನ ಮನಸ್ಸು ಶಾಂತವಾಗಿತ್ತೆಂದು ಯಾರೂ ತಿಳಿಯಬಾರದು. ಕೈ ನಡುಗುತ್ತಿತ್ತು. ಆ ಮಧ್ಯಾಹ್ನ ಒಬ್ಬ ಬೆಳೆಗಾರರ ಲೆಕ್ಕದಲ್ಲಿ 421 ಕಿಲೋ ಎಂದು ಬರೆಯಬೇಕಾದಲ್ಲಿ 412 ಎಂದು ಬರೆದೆ, ಸಂಜೆ ತಾಳೆ ನೋಡುವಾಗ ಅದು ಸಿಕ್ಕಿತು, ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿ ತಿದ್ದಿದೆ. ಬಾಯಿ ಮುಚ್ಚಿಕೊಂಡ ಮಾತ್ರಕ್ಕೆ ಒಳಗಿನ ಕೂಗು ನಿಲ್ಲುವುದಿಲ್ಲ. ಅದು ಎಲ್ಲಿಗಾದರೂ ಹೋಗಬೇಕು.

ಹಿಜ್ಕೀಯನಿಗೂ ಅದು ತಿಳಿದಿತ್ತೆಂದು ಕಾಣುತ್ತದೆ. ಬೆದರಿಕೆ ಪತ್ರದ ರೂಪದಲ್ಲಿ ಮತ್ತೆ ಬಂದಾಗ ಅವನು ಅದನ್ನು ಓದಿ, ದೇವಾಲಯಕ್ಕೆ ತೆಗೆದುಕೊಂಡು ಹೋಗಿ ಯೆಹೋವನ ಮುಂದೆ ಹರಡಿ ಇಟ್ಟ. ನನಗೆ ಮೂರನೆಯ ದಿನ ನೋಟಿಸ್ ಬಂತು: ಭಾನುವಾರಗಳಂದು ಅನುಮತಿಯಿಲ್ಲದೆ ಗೈರುಹಾಜರಾದುದಕ್ಕೆ ಮೂರು ದಿನಗಳಲ್ಲಿ ಸಮಜಾಯಿಷಿ ಕೊಡಬೇಕೆಂದು. ಆ ಸಂಜೆ ನಮ್ಮ ಸಭೆಯ ಖಾಲಿ ಬೆಂಚಿನ ಮೇಲೆ ಆ ಕಾಗದವನ್ನು ಬಿಡಿಸಿಟ್ಟು ಮಂಡಿಯೂರಿದೆ. ಆಯುವ ಮನೆಯಲ್ಲಿ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲವನ್ನೂ ಅಲ್ಲಿ ಆಡಿದೆ, ಸಿಟ್ಟನ್ನೂ ಮುಚ್ಚಿಡಲಿಲ್ಲ. ಮರುದಿನ ಬರೆದ ಉತ್ತರ ಐದೇ ಸಾಲಿನದಾಯಿತು: ಎಷ್ಟು ವರ್ಷಗಳಿಂದ ಈ ಏರ್ಪಾಡು ಇತ್ತು, ಪ್ರತಿ ಭಾನುವಾರ ಸಂಜೆ ಎಷ್ಟು ಗಂಟೆಯವರೆಗೆ ಇದ್ದೆ, ಹಾಜರಿ ಪುಸ್ತಕದ ಯಾವ ಪುಟಗಳಲ್ಲಿ ಅದು ದಾಖಲಾಗಿದೆ ಎಂಬಷ್ಟು ಮಾತ್ರ. ದೇವರ ಪರವಾಗಿ ವಾದಿಸುವ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಚೀಟಿಯನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಂಡೆ. ಮೇಜು ಸಂಸ್ಥೆಯದು, ಆ ಸಾಲು ನನಗೆ ಬಾಯಿಪಾಠ.

ಸುಮ್ಮನಿರುವುದೆಂದರೆ ಕೈಕಟ್ಟಿ ಕೂರುವುದೆಂದು ಹೇಳುವವರಿಗೆ ನಾನು ಹಿಜ್ಕೀಯನ ಸುರಂಗವನ್ನು ನೆನಪಿಸುತ್ತೇನೆ. ಮುತ್ತಿಗೆಗೆ ಸಿದ್ಧನಾಗಿ ಊರೊಳಗೆ ನೀರು ತರಲು ಅವನು ಬಂಡೆಯಲ್ಲಿ ಕೊರೆಸಿದನೆಂದು ನಂಬಲಾದ ಸುಮಾರು 533 ಮೀಟರ್ ಉದ್ದದ ಸುರಂಗ ಇಂದಿಗೂ ಇದೆ, ಜನ ಅದರೊಳಗೆ ನೀರಿನಲ್ಲಿ ನಡೆದು ಹೋಗುತ್ತಾರೆ. ನನ್ನ ಪಾಲಿಗೆ ಆ ಹಾಜರಿ ಪುಸ್ತಕವೇ ಸುರಂಗವಾಗಿತ್ತು.

ಎಲ್ಲ ಸಂದರ್ಭಕ್ಕೂ ಮೌನ ಸಲ್ಲುವುದಿಲ್ಲವೆಂಬುದನ್ನೂ ಅದೇ ತಿಂಗಳು ಕಲಿತೆ. ಒಬ್ಬ ಸಣ್ಣ ಬೆಳೆಗಾರರ ಪಾರ್ಚ್‌ಮೆಂಟ್ ಚೆನ್ನಾಗಿ ಒಣಗಿ ತೇವಾಂಶ ಶೇ. 10 ಇದ್ದಾಗ, ತೂಕದಲ್ಲಿ ಕಡಿತ ಮಾಡಲು ಅನುವಾಗುವಂತೆ ಶೇ. 12 ಎಂದು ಬರೆಯಲು ನನಗೆ ಸೂಚನೆ ಬಂತು. ಆಗ ನಾನು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಮೀಟರಿನಲ್ಲಿ ಕಂಡದ್ದನ್ನೇ ಬರೆಯುತ್ತೇನೆಂದು ಅಲ್ಲಿಯೇ ಹೇಳಿ, ಬೆಳೆಗಾರರ ಎದುರಿಗೆ ಮಾದರಿಯನ್ನು ಮತ್ತೊಮ್ಮೆ ಇಟ್ಟು ತೋರಿಸಿದೆ. ನನ್ನ ದೇವರು ತನ್ನ ಮಾನವನ್ನು ತಾನೇ ಕಾಯಬಲ್ಲ. ಕಣದಲ್ಲಿ ದಿನಗಟ್ಟಲೆ ಕಾಫಿ ಹರವಿ ತಿರುವಿದ ಆ ಮನುಷ್ಯನ ಪರವಾಗಿ ತಕ್ಕಡಿಯ ಬಳಿ ಇದ್ದವನು ನಾನೊಬ್ಬನೇ.

ಕಥೆಯ ಕೊನೆಯಲ್ಲಿ ಒಂದೇ ರಾತ್ರಿ ದೇವದೂತನು ಸನ್ಹೇರೀಬನ ಪಾಳೆಯದ ಸೈನಿಕರನ್ನು ಹತಮಾಡುತ್ತಾನೆ; ಅಂಥ ರಾತ್ರಿ ನಮ್ಮಲ್ಲಿ ಬರಲಿಲ್ಲ, ಬರಲೆಂದು ನಾನು ಬೇಡಿಕೊಳ್ಳಲೂ ಇಲ್ಲ. ಅಧಿಕಾರಿಗಳು ಈಗಲೂ ಇಲ್ಲೇ ಇದ್ದಾರೆ. ನೋಟಿಸಿನ ಮೇಲೆ ಮುಂದೆ ಯಾವ ಕ್ರಮವೂ ಆಗಲಿಲ್ಲ. ಭಾನುವಾರದ ಎರಡು ಗಂಟೆ ಈಗ ಬರವಣಿಗೆಯಲ್ಲಿದೆ.

ಕೊಯ್ಲು ಮುಗಿಯುವ ಹೊತ್ತಿಗೆ ಆಯುವ ಹೆಂಗಸರಲ್ಲಿ ಹಿರಿಯರೊಬ್ಬರು, ಅವತ್ತು ಯಾಕೆ ಒಂದು ಮಾತೂ ಆಡಲಿಲ್ಲ ಅಣ್ಣಾ ಎಂದು ಕೇಳಿದರು. ಊಟದ ಬಿಡುವಿನಲ್ಲಿ ಅವರಿಗೆ ಗೋಡೆಯ ಕಥೆ ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: ಸೈನ್ಯ ಹೊಲವನ್ನೆಲ್ಲಾ ತುಳಿದಿರುತ್ತದಲ್ಲ, ಆಮೇಲೆ ಆ ಜನ ಏನು ತಿಂದರು? ಅದಕ್ಕೂ ಯೆಶಾಯನಲ್ಲಿ ಮಾತಿದೆ ಎಂದೆ: ಈ ವರ್ಷ ತಾನಾಗಿ ಬೆಳೆದದ್ದನ್ನು ತಿನ್ನಿರಿ, ಮುಂದಿನ ವರ್ಷ ಅದರ ಕೂಳೆಯಿಂದ ಚಿಗುರಿದ್ದನ್ನು, ಮೂರನೆಯ ವರ್ಷ ಬಿತ್ತಿ ಕೊಯ್ಯಿರಿ, ದ್ರಾಕ್ಷಿಯ ತೋಟ ಹಾಕಿರಿ ಎಂದು. ಅವರು ಸ್ವಲ್ಪ ಹೊತ್ತು ಯೋಚಿಸಿ, ಭತ್ತದ ಕೂಳೆಯಲ್ಲೂ ಹಾಗೆ ಒಂದಿಷ್ಟು ಬರುತ್ತದೆ ಎಂದು ಹೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು ತಮ್ಮ ಸಾಲಿಗೆ ಮರಳಿದರು.