ಥೀಮ್ ಪಾರ್ಕಿಗೆ ಹೊರಡುವ ದಿನ ಹೆಗಲಿಗೆ ಭಾರವಾಗದ ಚೀಲ

ಥೀಮ್ ಪಾರ್ಕಿಗೆ ಕುಟುಂಬ ಸಮೇತ ಹೊರಟಾಗ ಚೀಲವನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಗೆ ಬೆಳಿಗ್ಗೆ ಸಿಗುವ ಉತ್ತರವೇ ಬೇರೆ, ಸಂಜೆ ಸಿಗುವ ಉತ್ತರವೇ ಬೇರೆ. ಬೆಳಿಗ್ಗೆ ಎಲ್ಲರೂ ಕೈ ಚಾಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ಒಬ್ಬರ ಹೆಗಲಿಗೇ ಅಂಟಿಕೊಂಡಿರುತ್ತದೆ, ಆ ಒಬ್ಬರು ಬಹುಮಟ್ಟಿಗೆ ಅದನ್ನು ಮನೆಯಲ್ಲಿ ಜೋಡಿಸಿದವರೇ ಆಗಿರುತ್ತಾರೆ. ನಮ್ಮ ಮನೆಯಲ್ಲಿ ಜೋಡಿಸುವವಳು ನಾನು. ಹೀಗಾಗಿ ಪ್ರತಿಯೊಂದು ವಸ್ತುವನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸುವ ರೂಢಿ ನನಗಿದೆ: ಇದು ಇಲ್ಲದೆ ಹೋದರೆ ನಾವು ಸರತಿ ಸಾಲನ್ನು ಬಿಟ್ಟು ಹೊರಗೆ ಬರಬೇಕಾಗುತ್ತದೆಯೇ, ಅಥವಾ ದಿನವನ್ನು ಅರ್ಧಕ್ಕೇ ಮುಗಿಸಬೇಕಾಗುತ್ತದೆಯೇ? ಹೌದು ಎಂದಾದರೆ ಅದು ಚೀಲಕ್ಕೆ ಸೇರುತ್ತದೆ. ‘ಇದ್ದರೆ ಒಳ್ಳೆಯದು’ ಎಂಬಷ್ಟೇ ಉತ್ತರ ಬಂದರೆ ಅದು ಮನೆಯಲ್ಲೇ ಉಳಿಯುತ್ತದೆ.

ಪ್ರಯಾಣದ ಇತರ ಚೀಲಗಳಿಗೂ ಈ ಚೀಲಕ್ಕೂ ಇರುವ ವ್ಯತ್ಯಾಸವೆಂದರೆ, ಇದನ್ನು ದಿನವಿಡೀ ಇಳಿಸುತ್ತಲೂ ಏರಿಸುತ್ತಲೂ ಇರಬೇಕಾಗುತ್ತದೆ. ಪ್ರವೇಶದ್ವಾರದಲ್ಲಿ ತಪಾಸಣೆಗೆ ತೆರೆಯಬೇಕು, ಕೆಲವು ಆಟಗಳಲ್ಲಿ ಕಾಲ ಬುಡದಲ್ಲಿ ಇರಿಸಿಕೊಳ್ಳಬೇಕು, ಇನ್ನು ಕೆಲವು ಕಡೆ ಆಟದ ವೇದಿಕೆಯ ಪಕ್ಕದ ಗೂಡಿನಲ್ಲಿ ಇಟ್ಟು ಹೋಗಬೇಕು, ದೊಡ್ಡ ರೋಲರ್ ಕೋಸ್ಟರುಗಳಿಗಂತೂ ಚೀಲವನ್ನು ಒಯ್ಯುವಂತೆಯೇ ಇಲ್ಲದಿರುವುದರಿಂದ ಲಾಕರಿನಲ್ಲಿ ಹಾಕಬೇಕು. ಆಟಗಳ ಬಳಿ ಸ್ವಲ್ಪ ಹೊತ್ತಿನ ಮಟ್ಟಿಗೆ ಕೊಡುವ ಲಾಕರುಗಳು ಸಾಮಾನ್ಯವಾಗಿ ಚಿಕ್ಕವು. ಗಟ್ಟಿ ಚೌಕಟ್ಟಿನ, ಉಬ್ಬಿದ ಜೇಬುಗಳ ಬ್ಯಾಗು ಅವುಗಳ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಹದಿನೈದರಿಂದ ಇಪ್ಪತ್ತು ಲೀಟರ್ ಗಾತ್ರದ, ಮೆತ್ತಗಿನ ಬಟ್ಟೆಯ, ಒತ್ತಿದರೆ ಕುಗ್ಗುವ, ಎರಡೂ ಹೆಗಲಿಗೆ ಪಟ್ಟಿ ಇರುವ ಚೀಲ ನಾಲ್ವರ ಕುಟುಂಬಕ್ಕೆ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದನ್ನು ತೆಗೆದುಕೊಂಡರೆ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಹೊರಡುವ ಕೊನೆಯ ಐದು ನಿಮಿಷಗಳಲ್ಲಿ ಮನೆಯವರೆಲ್ಲ ತಲಾ ಒಂದೊಂದು ವಸ್ತುವನ್ನು ತಂದು ಅದರೊಳಗೆ ತುರುಕುತ್ತಾರೆ. ಒಂಟಿ ಹೆಗಲಿನ ಚೀಲ ನೋಡಲು ಚೆನ್ನ, ಆದರೆ ದಿನವಿಡೀ ನಡೆಯುವವರ ಕುತ್ತಿಗೆಗೆ ಅದು ಒಳ್ಳೆಯದಲ್ಲ.

ಚೀಲದ ಭಾರವನ್ನು ಇಳಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಬಾಚಣಿಗೆ, ಕರವಸ್ತ್ರ, ಪುಟ್ಟ ಡಬ್ಬಿಗಳ ಮೇಲೆ ಕಣ್ಣು ಹಾಕುತ್ತಾರೆ. ನಿಜವಾದ ಭಾರ ಇರುವುದು ನೀರಿನಲ್ಲಿ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. ನಾಲ್ವರಿಗೆ ತಲಾ ಒಂದು ಲೀಟರಿನಂತೆ ತುಂಬಿಕೊಂಡು ಹೊರಟರೆ, ಬೇರೇನನ್ನೂ ಇಡುವ ಮೊದಲೇ ಚೀಲ ನಾಲ್ಕು ಕಿಲೋ ಮುಟ್ಟುತ್ತದೆ, ಬಾಟಲಿಗಳ ತೂಕ ಅದರ ಮೇಲೆ. ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆಯೇ, ಎಲ್ಲೆಲ್ಲಿ ಇವೆ ಎಂಬುದನ್ನು ಪಾರ್ಕಿನ ನಕ್ಷೆಯಲ್ಲಿ ಹಿಂದಿನ ರಾತ್ರಿಯೇ ನೋಡಿಟ್ಟುಕೊಂಡರೆ ಈ ಭಾರದ ಮುಕ್ಕಾಲು ಪಾಲನ್ನು ಮನೆಯಲ್ಲೇ ಬಿಡಬಹುದು. ನಾನು ಒಯ್ಯುವುದು ಹಗುರವಾದ ಎರಡು ಬಾಟಲಿಗಳನ್ನು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಮಂಜುಗಡ್ಡೆ. ಮಂಜುಗಡ್ಡೆಯ ಬಾಟಲಿಯನ್ನು ಹಿಂದಿನ ಸಂಜೆ ಮುಕ್ಕಾಲು ಭಾಗ ಮಾತ್ರ ತುಂಬಿ ಫ್ರೀಜರಿನಲ್ಲಿ ಇಡಬೇಕು, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ ಮತ್ತು ಕಂಠದವರೆಗೆ ತುಂಬಿದ ಬಾಟಲಿ ಒಡೆಯಬಹುದು. ಮಧ್ಯಾಹ್ನದವರೆಗೆ ಅದು ಪಕ್ಕದ ತಿಂಡಿಯನ್ನು ತಂಪಾಗಿಡುತ್ತದೆ, ಆಮೇಲೆ ಕುಡಿಯುವ ನೀರಾಗುತ್ತದೆ. ಅದರ ಹೊರಮೈ ಬೆವರುವುದರಿಂದ ಸಣ್ಣ ಟವೆಲಿನಲ್ಲಿ ಸುತ್ತಿಡುವುದು ಅಗತ್ಯ. ಹೇಗೂ ಒಯ್ಯಬೇಕಾದ ಟವೆಲಿಗೆ ಹೀಗೆ ಎರಡನೆಯ ಕೆಲಸವೂ ಸಿಕ್ಕಂತಾಗುತ್ತದೆ. ಎರಡು ಪದರದ ಉಕ್ಕಿನ ಬಾಟಲಿಗಳು ಖಾಲಿಯಿದ್ದಾಗಲೇ ಮುನ್ನೂರು, ನಾನೂರು ಗ್ರಾಂ ತೂಗುವುದುಂಟು, ಹೀಗಾಗಿ ಈ ಒಂದು ದಿನಕ್ಕೆ ಅವು ನನಗೆ ಬೇಡ. ಗಾಜಿನ ಬಾಟಲಿಗಳನ್ನು ಬಹುತೇಕ ಪಾರ್ಕುಗಳು ಒಳಗೆ ಬಿಡುವುದಿಲ್ಲ.

ಮಂಜುಗಡ್ಡೆಯ ಮಾತು ಬಂದದ್ದರಿಂದ ಔಷಧಿಗಳ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದು ಬಿಸಿಲಿನ ಕಾವಿನಿಂದ ದೂರವಿರಬೇಕು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಅದು ಹೆಪ್ಪುಗಟ್ಟಲೂಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ ಎಂಬುದು ಅವಸರದಲ್ಲಿ ಮರೆತುಹೋಗುತ್ತದೆ. ತಂಪಾಗಿರಲಿ ಎಂದು ಅದನ್ನು ಮಂಜುಗಡ್ಡೆಯ ಬಾಟಲಿಗೆ ಒತ್ತಿಡುವುದು ಸರಿಯಲ್ಲ, ನಡುವೆ ದಪ್ಪ ಬಟ್ಟೆಯ ತಡೆ ಇರಬೇಕು. ಉಬ್ಬಸಕ್ಕೆ ಬಳಸುವ ಇನ್ಹೇಲರ್, ತೀವ್ರ ಅಲರ್ಜಿ ಇರುವವರ ತುರ್ತು ಚುಚ್ಚುಮದ್ದು ಮೊದಲಾದವು ಮುಖ್ಯ ಚೀಲದಲ್ಲಿ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚೀಲ ಲಾಕರಿಗೆ ಹೋಗುತ್ತದೆ, ಲಾಕರಿನ ಕೀಲಿ ಬೇರೆಯವರ ಬಳಿ ಇರುತ್ತದೆ, ಬೇಕಾದ ಕ್ಷಣದಲ್ಲಿ ಎಲ್ಲರೂ ಬೇರೆ ಬೇರೆ ಕಡೆ ಇರುತ್ತಾರೆ. ಅಂಥವು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಚೀಲದಲ್ಲಿ, ರೋಗಿಯ ಅಥವಾ ಅವರನ್ನು ಬಿಟ್ಟಿರದವರ ಮೈಮೇಲೆಯೇ ಇರಬೇಕು. ಆಟದ ಮೇಲೆ ಅದನ್ನು ಒಯ್ಯಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ತಿರುಗುವ ಆಟಗಳಿಂದ ಹೊಟ್ಟೆ ತೊಳಸುವವರ ಮಾತ್ರೆಗಳನ್ನು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕಾಗುವುದರಿಂದ, ಅವುಗಳನ್ನು ಚೀಲದಲ್ಲಿ ಹೊತ್ತು ತಿರುಗುವುದಕ್ಕಿಂತ ಮನೆಯಲ್ಲೇ ನೆನಪು ಮಾಡಿಕೊಳ್ಳುವುದು ಉಪಯುಕ್ತ. ಮಕ್ಕಳಿಗಾದರೆ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಇವುಗಳ ಹೊರತಾಗಿ ನಾಲ್ಕಾರು ಬ್ಯಾಂಡೇಜ್ ಪಟ್ಟಿಗಳು ಮತ್ತು ಒಂದು ಒ.ಆರ್.ಎಸ್. ಪೊಟ್ಟಣ ಇದ್ದರೆ ಸಾಕು. ಒಂದು ಲೀಟರ್ ನೀರಿಗೆ ಬೆರೆಸುವ ಆ ಪೊಟ್ಟಣದ ಪುಡಿ ಸುಮಾರು ಇಪ್ಪತ್ತು ಗ್ರಾಂ ಅಷ್ಟೇ. ಇಡೀ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಹೊತ್ತೊಯ್ಯುವ ಅಗತ್ಯವಿಲ್ಲ, ಪಾರ್ಕುಗಳಲ್ಲಿ ಸಾಮಾನ್ಯವಾಗಿ ಅದಕ್ಕೆಂದೇ ಒಂದು ಕೊಠಡಿ ಇರುತ್ತದೆ.

ಬ್ಯಾಂಡೇಜ್ ಪಟ್ಟಿಗಳು ಹೆಚ್ಚಾಗಿ ಬೇಕಾಗುವುದು ಮೊಣಕಾಲಿಗಲ್ಲ, ಹಿಮ್ಮಡಿಗೆ. ಒದ್ದೆಯಾದ ಚರ್ಮ ಬಟ್ಟೆಗೆ ಹೆಚ್ಚು ಉಜ್ಜಿಕೊಳ್ಳುತ್ತದೆ. ನೀರಿನ ಆಟದಲ್ಲಿ ನೆಂದ ಹತ್ತಿಯ ಕಾಲುಚೀಲ ಬೇಗ ಒಣಗದೆ, ಮುಂದಿನ ನಡಿಗೆಯುದ್ದಕ್ಕೂ ಕಾಲನ್ನು ಉಜ್ಜುತ್ತಲೇ ಹೋಗಿ ಗುಳ್ಳೆ ಏಳಿಸುತ್ತದೆ. ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಉರಿಯತೊಡಗುತ್ತದೆ, ಆಗಲೇ ಪಟ್ಟಿ ಅಂಟಿಸಿದರೆ ದಿನ ಉಳಿಯುತ್ತದೆ. ಹೀಗಾಗಿ ಬದಲಿ ಬಟ್ಟೆಗಳ ಪೈಕಿ ನಾನು ಎಂದೂ ಬಿಡದ ವಸ್ತುವೆಂದರೆ ತಲಾ ಒಂದು ಜೊತೆ ಒಣ ಕಾಲುಚೀಲ. ಬದಲಿ ಪಾದರಕ್ಷೆಗಳನ್ನು ಮಾತ್ರ ಒಯ್ಯುವುದಿಲ್ಲ. ಹಿಮ್ಮಡಿಯ ಹಿಂದೆ ಪಟ್ಟಿ ಇರುವ, ನೆನೆದರೂ ಬೇಗ ಒಣಗುವ ಸ್ಯಾಂಡಲ್ ಹಾಕಿಕೊಂಡು ಹೊರಟರೆ ಕಾಲುಚೀಲವೂ ಬೇಡವಾಗುತ್ತದೆ. ಸಡಿಲವಾದ ಚಪ್ಪಲಿ ಧರಿಸಿದವರನ್ನು ಕೆಲವು ಆಟಗಳಿಗೆ ಹತ್ತಿಸಿಕೊಳ್ಳುವುದೇ ಇಲ್ಲವಾದ್ದರಿಂದ ಈ ಆಯ್ಕೆಗೆ ಇನ್ನೊಂದು ಸಮರ್ಥನೆಯೂ ಇದೆ.

ಬಟ್ಟೆಗಳಲ್ಲಿ ನನ್ನ ನಿಲುವು ಇಷ್ಟೇ: ಮೈಮೇಲಿರುವುದು ಚೀಲದ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಆಲೋಚನೆಯನ್ನು ಅಲ್ಲಿಗೇ ಖರ್ಚು ಮಾಡಬೇಕು. ತೆಳುವಾದ, ಬೇಗ ಒಣಗುವ, ತುಂಬು ತೋಳಿನ ಅಂಗಿ ಬಿಸಿಲನ್ನೂ ತಡೆಯುತ್ತದೆ, ಸನ್‌ಸ್ಕ್ರೀನ್ ಹಚ್ಚಬೇಕಾದ ಮೈಯ ಭಾಗವನ್ನೂ ಕಡಿಮೆ ಮಾಡುತ್ತದೆ. ಜೀನ್ಸ್ ನೆನೆದರೆ ಸಂಜೆಯವರೆಗೂ ಒಣಗದೆ, ಹೊತ್ತ ಚೀಲಕ್ಕಿಂತ ಅದೇ ಭಾರವೆನಿಸುತ್ತದೆ. ಲೋಹದ ಗುಂಡಿ ಮತ್ತು ಜಿಪ್ ಇರುವ ಬಟ್ಟೆಗಳು ನೀರಿನ ಜಾರುಬಂಡೆಯ ಮೈಯನ್ನು ಗೀರುತ್ತವೆಂದು ಅನೇಕ ಕಡೆ ನಿಷೇಧಿಸಿರುತ್ತಾರೆ. ಪೂರ್ಣ ಬದಲಿ ಉಡುಪನ್ನು ಮನೆಯ ಅತಿ ಕಿರಿಯರಿಗೆ ಮಾತ್ರ ಚೀಲದಲ್ಲಿಟ್ಟು, ಉಳಿದವರದ್ದನ್ನು ವಾಹನದಲ್ಲಿಯೋ ಪ್ರವೇಶದ್ವಾರದ ಬಳಿಯ ದಿನವಿಡೀ ಬಾಡಿಗೆಗೆ ಸಿಗುವ ಲಾಕರಿನಲ್ಲಿಯೋ ಬಿಡುವುದು ಲೇಸು. ಮಡಿಸಿದರೆ ಮುಷ್ಟಿಯೊಳಗೆ ಅಡಗುವ ತೆಳು ಪ್ಲಾಸ್ಟಿಕ್ಕಿನ ಮಳೆ ಅಂಗಿಗೆ ಮಾತ್ರ ನಾನು ಯಾವ ಪ್ರಶ್ನೆಯನ್ನೂ ಕೇಳದೆ ಜಾಗ ಕೊಡುತ್ತೇನೆ. ಅದು ಮಳೆಗೆ ಕೊಡೆಯಾಗುತ್ತದೆ, ನೀರಿನ ಆಟಕ್ಕೆ ಹೊದಿಕೆಯಾಗುತ್ತದೆ, ಒದ್ದೆ ಬೆಂಚಿನ ಮೇಲೆ ಹಾಸಿಗೆಯಾಗುತ್ತದೆ. ನಿಜವಾದ ಕೊಡೆಗೆ ಜನಸಂದಣಿಯ ನಡುವೆ ಇನ್ನೊಬ್ಬರ ಕಣ್ಣಿಗೆ ಚುಚ್ಚುವ ಗುಣ ಒಂದು ಹೆಚ್ಚಾಗಿಯೇ ಇದೆ.

ಸನ್‌ಸ್ಕ್ರೀನ್ ವಿಷಯದಲ್ಲಿ ಡಬ್ಬಿಯ ಮೇಲಿನ ಅಂಕೆಗೆ ಸಿಗುವ ಗಮನ ಅದನ್ನು ಮತ್ತೆ ಹಚ್ಚುವುದಕ್ಕೆ ಸಿಗುವುದಿಲ್ಲ. ಎಸ್‌ಪಿಎಫ್ 30 ಇರುವುದು ಚರ್ಮವನ್ನು ಸುಡುವ ಯುವಿಬಿ ಕಿರಣಗಳ ಸುಮಾರು ಶೇಕಡ 97ರಷ್ಟನ್ನೂ, 50 ಇರುವುದು ಸುಮಾರು ಶೇಕಡ 98ರಷ್ಟನ್ನೂ ತಡೆಯುತ್ತದೆ. ಎರಡರ ನಡುವಿನ ಅಂತರ ಜನ ಭಾವಿಸುವಷ್ಟು ದೊಡ್ಡದಲ್ಲ. ಯಾವುದೇ ಆದರೂ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಮೈ ಒರೆಸಿಕೊಂಡ ಕೂಡಲೇ ಮತ್ತೊಮ್ಮೆ ಹಚ್ಚಬೇಕು. ಮೊದಲ ಸಲ ಮನೆಯಲ್ಲೇ ಧಾರಾಳವಾಗಿ ಹಚ್ಚಿ ಹೊರಟರೆ ಚೀಲಕ್ಕೆ ಸಣ್ಣ ಟ್ಯೂಬ್ ಸಾಕಾಗುತ್ತದೆ. ಅದನ್ನು ಮೇಲಿನ ಜೇಬಿನಲ್ಲೇ ಇಡಬೇಕು, ತಳದಲ್ಲಿಟ್ಟದ್ದು ಸಂಜೆಯವರೆಗೂ ತಳದಲ್ಲೇ ಇರುತ್ತದೆ. ಆರು ತಿಂಗಳಿಗಿಂತ ಚಿಕ್ಕ ಕೂಸುಗಳನ್ನು ಸನ್‌ಸ್ಕ್ರೀನಿಗಿಂತ ನೆರಳು ಮತ್ತು ಬಟ್ಟೆಯಿಂದಲೇ ಕಾಪಾಡಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ.

ಮೊಬೈಲ್ ಫೋನು ಈಗ ಟಿಕೆಟ್ಟೂ ಹೌದು, ನಕ್ಷೆಯೂ ಹೌದು, ಕ್ಯಾಮೆರಾವೂ ಹೌದು. ಪರದೆಯ ಬೆಳಕನ್ನು ಬಿಸಿಲಿಗಾಗಿ ಪೂರ್ತಿ ಏರಿಸಿಟ್ಟು, ಪಾರ್ಕಿನ ಆ್ಯಪ್ ಅನ್ನು ತೆರೆದೇ ಇಟ್ಟರೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಅದು ಬಸವಳಿಯುತ್ತದೆ. ಆದರೆ ಅದಕ್ಕೆಂದು ಇಟ್ಟಿಗೆಯಂಥ ಪವರ್ ಬ್ಯಾಂಕ್ ಹೊರುವ ಅಗತ್ಯವಿಲ್ಲ. ಹತ್ತು ಸಾವಿರ ಮಿಲಿ ಆಂಪಿಯರ್ ಗಂಟೆಯದ್ದು ಸುಮಾರು ಇನ್ನೂರು ಗ್ರಾಂ ತೂಗುತ್ತದೆ. ವೋಲ್ಟೇಜ್ ಬದಲಾವಣೆಯಲ್ಲಿ ಒಂದಷ್ಟು ನಷ್ಟವಾಗಿ ಅದರಲ್ಲಿ ಫೋನಿಗೆ ತಲುಪುವುದು ಸುಮಾರು ಮೂರನೇ ಎರಡು ಭಾಗ. ಎರಡು ಫೋನುಗಳನ್ನು ಸಂಜೆಯವರೆಗೆ ನಡೆಸಲು ಅಷ್ಟು ಸಾಕು. ಬಿಸಿಲಿನಲ್ಲಿ ಕಾದ ಫೋನು ಚಾರ್ಜ್ ಆಗುವುದನ್ನೇ ನಿಲ್ಲಿಸಬಹುದಾದ್ದರಿಂದ ನೆರಳಿನಲ್ಲಿ ಕುಳಿತ ಹೊತ್ತಿನಲ್ಲಿ, ಗಿಡ್ಡ ಕೇಬಲ್ಲಿನಿಂದ ಈ ಕೆಲಸ ಮುಗಿಸಬೇಕು. ಟಿಕೆಟಿನ ಚಿತ್ರವನ್ನು ಎರಡೂ ಫೋನುಗಳಲ್ಲಿ ಉಳಿಸಿಡುವುದಕ್ಕೆ ಒಂದು ಗ್ರಾಂ ತೂಕವೂ ಇಲ್ಲ. ಹಾಗೆಯೇ ಒಳಗೆ ಹೋಗುವ ಮುನ್ನ ಮಕ್ಕಳ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಅವರು ಅಂದು ಯಾವ ಬಣ್ಣದ ಬಟ್ಟೆ ತೊಟ್ಟಿದ್ದರೆಂಬ ಗೊಂದಲ ಆಪತ್ತಿನ ಹೊತ್ತಿನಲ್ಲಿ ಉಂಟಾಗುವುದಿಲ್ಲ. ದೊಡ್ಡವರ ಫೋನ್ ಸಂಖ್ಯೆ ಬರೆದ ಪಟ್ಟಿ ಮಗುವಿನ ಕೈಯಲ್ಲೇ ಇರಬೇಕು. ನೀರಿನ ಆಟಗಳಿಗೆ ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಚೀಲಗಳು ಮೂರು ನಾಲ್ಕು ಇದ್ದರೆ ಫೋನಿಗೊಂದು, ಕೀಲಿ ಮತ್ತು ಹಣಕ್ಕೊಂದು, ಒದ್ದೆ ಬಟ್ಟೆಗೊಂದು ಒದಗುತ್ತದೆ. ಮನೆಯ ಕೀಲಿಗೊಂಚಲಿನಿಂದ ಅಂದು ಬೇಡವಾದ ಕೀಲಿಗಳನ್ನೆಲ್ಲ ಬಿಚ್ಚಿಟ್ಟೇ ಹೊರಡಬೇಕು.

ತಿಂಡಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೊರಗಿನ ಆಹಾರಕ್ಕೆ ಅನುಮತಿ ಇದೆಯೇ ಎಂಬುದು ಪಾರ್ಕಿನಿಂದ ಪಾರ್ಕಿಗೆ ಬದಲಾಗುತ್ತದೆ, ಹಸುಳೆಗಳ ಆಹಾರಕ್ಕೂ ಕಾಯಿಲೆಯ ಕಾರಣಕ್ಕೆ ಬೇಕಾದ ಆಹಾರಕ್ಕೂ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಅನುಮತಿ ಇದ್ದರೆ ಕರಗದ, ಪುಡಿಯಾಗದ, ಸರತಿಯಲ್ಲಿ ನಿಂತೇ ಒಂದು ಕೈಯಲ್ಲಿ ತಿನ್ನಬಹುದಾದದ್ದನ್ನು ಡಬ್ಬಿಯಿಲ್ಲದೆ ಒಯ್ಯಬೇಕು.

ಮಕ್ಕಳಿಗೂ ಒಂದೊಂದು ಪುಟ್ಟ ಚೀಲ ಕೊಟ್ಟರೆ ಭಾರ ಹಂಚಿಹೋಗುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಗು ಹೊರುವ ಚೀಲ ಅದರ ದೇಹತೂಕದ ಶೇಕಡ 10ರಿಂದ 15ನ್ನು ಮೀರಬಾರದೆಂಬ ಲೆಕ್ಕದಲ್ಲಿ, ಇಪ್ಪತ್ತು ಕಿಲೋ ತೂಗುವ ಮಗುವಿಗೆ ಎರಡು, ಹೆಚ್ಚೆಂದರೆ ಮೂರು ಕಿಲೋ ಸಲ್ಲುತ್ತದೆ. ಆದರೆ ಆ ಚೀಲಗಳೂ ಮೂರನೆಯ ಆಟದ ಹೊತ್ತಿಗೆ ದೊಡ್ಡವರ ಕೈಗೇ ಬರುತ್ತವೆ. ಒಂದೇ ಚೀಲ ಇರಲಿ, ಆ ಹೊತ್ತಿಗೆ ಆಟಕ್ಕೆ ಹೋಗದವರು ಅದನ್ನು ಇಟ್ಟುಕೊಳ್ಳಲಿ. ಎತ್ತರ ಸಾಲದ ಮಗುವಿನೊಂದಿಗೆ ಒಬ್ಬರು ಹೊರಗೆ ಉಳಿದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಇಡೀ ಸರತಿ ನಿಲ್ಲದೆ ತಮ್ಮ ಪಾಳಿ ಪಡೆಯುವ ವ್ಯವಸ್ಥೆ ಅನೇಕ ದೊಡ್ಡ ಪಾರ್ಕುಗಳಲ್ಲಿದೆ. ಮಗುವಿನ ಜೊತೆಗೆ ಚೀಲವೂ ಕೈ ಬದಲಾಯಿಸಿದರೆ ಲಾಕರಿನ ಓಡಾಟ ಅಷ್ಟರ ಮಟ್ಟಿಗೆ ಉಳಿಯುತ್ತದೆ. ನೀರಿನ ಬಾಟಲಿಯಂಥ ಭಾರದ ವಸ್ತುಗಳನ್ನು ಬೆನ್ನಿಗೆ ತಾಗಿದಂತೆ ಜೋಡಿಸಬೇಕು, ಹೊರಭಾಗದಲ್ಲಿಟ್ಟರೆ ಅಷ್ಟೇ ತೂಕ ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ.

ಹೊರಡುವಾಗ ಚೀಲದಲ್ಲಿ ಕಾಲು ಭಾಗವಾದರೂ ಜಾಗ ಉಳಿದಿರಬೇಕು. ಬೆಳಿಗ್ಗೆ ಮೈಮೇಲಿದ್ದ ಟೋಪಿ, ನೆನೆದ ಮಳೆ ಅಂಗಿ, ಮಕ್ಕಳು ಹಟ ಹಿಡಿದು ಕೊಳ್ಳುವ ಗೊಂಬೆ ಎಲ್ಲವೂ ಕೊನೆಗೆ ಇದರೊಳಗೇ ಬರುತ್ತವೆ. ಗೊಂಬೆಯನ್ನು ಹೊರಬರುವ ದಾರಿಯ ಅಂಗಡಿಯಲ್ಲಿ ಕೊಳ್ಳೋಣವೆಂದು ಬೆಳಿಗ್ಗೆಯೇ ಮಾತು ಮಾಡಿಕೊಳ್ಳುವುದು ಒಳ್ಳೆಯದು. ಆ ಮಾತು ನಿಲ್ಲದಿದ್ದ ಪಕ್ಷದಲ್ಲಿ, ಮಡಿಸಿಟ್ಟ ಒಂದು ತೆಳು ಬಟ್ಟೆ ಚೀಲ ಜೇಬಿನಲ್ಲಿದ್ದರೆ ಗೊಂಬೆಯನ್ನು ಅದರಲ್ಲಿ ಹಾಕಿ, ಕೊಂಡವರ ಕೈಗೇ ಕೊಡಬಹುದು.