ಎರಡನೇ ಡಿಎನ್‌ಎಸ್ ಅಂತ 8.8.8.8 ಕೊಡಬೇಡಿ

ಹೆಸರು ಕೊಟ್ಟರೆ ಆ ಸರ್ವರ್‌ನ ಐಪಿ ವಿಳಾಸ ಹೇಳೋದು ಡಿಎನ್‌ಎಸ್. ಆಫೀಸಿನ ಒಳಗಿನ ನೆಟ್‌ವರ್ಕ್‌ಗೆ ಡಿಎನ್‌ಎಸ್ ಫಾರ್ವರ್ಡಿಂಗ್ ಹಾಕಿಕೊಡಿ ಅಂತ ಆಗಾಗ ಕರೆಯುತ್ತಾರೆ. ಕೆಲಸವೇನೂ ದೊಡ್ಡದಲ್ಲ. ಒಂದು ಸಣ್ಣ ಲಿನಕ್ಸ್ ಮಷೀನು, ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಅಥವಾ ಅನ್‌ಬೌಂಡ್ ಅನ್ನೋ ಡಿಎನ್‌ಎಸ್ ಸಾಫ್ಟ್‌ವೇರ್ ಇದ್ದರೆ ಸಾಕು. ಒಳಗಿನ ಹೆಸರು ಕೇಳಿದರೆ ಒಳಗಿನ ಸರ್ವರ್‌ಗೆ ಕಳಿಸು, ಮಿಕ್ಕಿದ್ದನ್ನು ಹೊರಗೆ ಕೇಳು. ಇಷ್ಟೇ. ಡಿಎನ್‌ಎಸ್‌ಮಾಸ್ಕ್ ಆದರೆ ಕ್ಯಾಶ್ ಮಾತ್ರ ಜಾಸ್ತಿ ಮಾಡಿ. ಸುಮ್ನೆ ಬಿಟ್ಟರೆ 150 ಹೆಸರಷ್ಟೇ ನೆನಪಿಟ್ಟುಕೊಳ್ಳುತ್ತದೆ.

ಆದರೂ ದೂರು ಬರುತ್ತದೆ. 'ಬೆಳಿಗ್ಗೆ ಫೈಲ್ ಸರ್ವರ್ ಸಿಗ್ತಿತ್ತು, ಈಗ ಸಿಗ್ತಿಲ್ಲ.' ಐಪಿ ಹಾಕಿ ಪಿಂಗ್ ಮಾಡಿದರೆ ಸರ್ವರ್ ಆರಾಮಾಗಿದೆ. ಆಗ ನಾನು ಮೊದಲು ತೆರೆಯೋದು ಡಿಎಚ್‌ಸಿಪಿ ಸೆಟ್ಟಿಂಗ್, ಅಂದರೆ ಪ್ರತಿ ಕಂಪ್ಯೂಟರ್‌ಗೂ ಐಪಿ, ಡಿಎನ್‌ಎಸ್ ವಿಳಾಸ ಹಂಚೋ ಜಾಗ. ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ: ಮೊದಲ ಡಿಎನ್‌ಎಸ್ ಆಫೀಸಿನದು, ಎರಡನೆಯದು 8.8.8.8, ಅಂದರೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. 'ಸೇಫ್ಟಿಗೆ ಇರಲಿ' ಅಂತ ಯಾರೋ ಹಾಕಿರುತ್ತಾರೆ.

ಎರಡನೆಯದು ಸ್ಟೆಪ್ನಿ ಟೈರಿನ ಹಾಗೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಮೊದಲ ಸರ್ವರ್ ಒಂದು ಸಲ ಉತ್ತರ ಕೊಡೋಕೆ ತಡ ಮಾಡಿದರೂ ಸಾಕು, ಕಂಪ್ಯೂಟರ್ ಎರಡನೆಯದನ್ನು ಕೇಳುತ್ತದೆ. ಲಿನಕ್ಸ್‌ನಲ್ಲಿ ಹೆಸರು ಹುಡುಕಿಕೊಡೋ ಸಿಸ್ಟಮ್‌ಡಿ ರಿಸಾಲ್ವ್ಡ್ ಅಂತೂ ಹಾಗೆ ಹೋದರೆ ಅಲ್ಲೇ ಕೂತುಬಿಡುತ್ತದೆ, ಆ ಸರ್ವರ್ ಕೈಕೊಡುವ ತನಕ ವಾಪಸ್ ಬರಲ್ಲ. ಹೊರಗಿನ ಸರ್ವರ್‌ಗೆ ನಿಮ್ಮ ಫೈಲ್ ಸರ್ವರ್ ಯಾರು ಅಂತ ಏನು ಗೊತ್ತು? 'ಎನ್‌ಎಕ್ಸ್‌ಡೊಮೈನ್' ಅನ್ನುತ್ತದೆ, ಅಂದರೆ ಅಂಥ ಹೆಸರೇ ಇಲ್ಲ. ಕಂಪ್ಯೂಟರ್‌ಗೆ ಅದೂ ಪೂರ್ತಿ ಉತ್ತರವೇ. ಇನ್ನೊಬ್ಬರನ್ನು ಕೇಳೋ ಪ್ರಶ್ನೆಯೇ ಇಲ್ಲ.

ಹಾಗಾಗಿ ಎರಡು ಬೇಕೆಂದರೆ ಒಂದೇ ಕಾನ್ಫಿಗ್ ಇರುವ ಎರಡು ಫಾರ್ವರ್ಡರ್, ಅಂದರೆ ಮೇಲೆ ಹೇಳಿದಂಥ ಎರಡು ಮಷೀನು ಇಡಿ. ಡಿಎಚ್‌ಸಿಪಿಯಲ್ಲಿ ಅವೆರಡೇ ಇರಲಿ. 8.8.8.8 ಬೇಕೇ ಬೇಕು ಅಂದರೆ ಫಾರ್ವರ್ಡರ್ ಒಳಗೆ, ಹೊರಗಿನ ಹೆಸರುಗಳಿಗೆ ಮಾತ್ರ. ಫೈರ್‌ವಾಲ್‌ನಲ್ಲಿ ಡಿಎನ್‌ಎಸ್ ಬಳಸೋ 53ನೇ ಪೋರ್ಟ್ ಯುಡಿಪಿಗೂ ಟಿಸಿಪಿಗೂ ತೆರೆದಿರಬೇಕು. ಉತ್ತರ ಉದ್ದವಾದಾಗ ಕಂಪ್ಯೂಟರ್ ಟಿಸಿಪಿಯಲ್ಲೇ ಮತ್ತೆ ಕೇಳುತ್ತದೆ. ಮುಗಿದ ಮೇಲೆ ಎರಡೂ ಸರ್ವರ್‌ಗೆ ಬೇರೆ ಬೇರೆಯಾಗಿ 'ಡಿಗ್' (ಡಿಎನ್‌ಎಸ್ ಕೇಳಿ ನೋಡೋ ಕಮಾಂಡ್) ಹೊಡೆದು, ಒಂದೇ ಉತ್ತರ ಬರ್ತಿದೆಯಾ ನೋಡಿ.

ಒಳಗಿನ ಹೆಸರಿಗೆ ಡಾಟ್ ಲೋಕಲ್ ಬೇಡ, ಅದು ಎಂಡಿಎನ್‌ಎಸ್‌ನ ಜಾಗ, ಅಂದರೆ ಸರ್ವರ್ ಇಲ್ಲದೆ ಮಷೀನುಗಳೇ ಪರಸ್ಪರ ಹೆಸರು ಕೇಳಿಕೊಳ್ಳೋ ಪದ್ಧತಿಯದ್ದು. 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳೋ ಸಂಸ್ಥೆ ಐಕ್ಯಾನ್ ಡಾಟ್ ಇಂಟರ್ನಲ್ ಅನ್ನು ಇದಕ್ಕೆಂದೇ ತೆಗೆದಿಟ್ಟಿದೆ. ಆದರೆ ಅನ್‌ಬೌಂಡ್‌ನಲ್ಲಿ ಡಿಎನ್‌ಎಸ್‌ಸೆಕ್ (ಉತ್ತರಗಳ ಡಿಜಿಟಲ್ ಸಹಿ ಪರೀಕ್ಷೆ) ಆನ್ ಇದ್ದರೆ ಆ ಹೆಸರಿಗೆ 'ಸರ್ವ್‌ಫೇಲ್', ಅಂದರೆ ಉತ್ತರ ಕೊಡೋಕಾಗಲಿಲ್ಲ ಅಂತ ಬರುತ್ತದೆ. ಡಿಎನ್‌ಎಸ್‌ನ ಮೇಲ್ತುದಿಯಾದ ರೂಟ್‌ನಲ್ಲಿ ಆ ಹೆಸರಿಲ್ಲ ಅನ್ನೋದಕ್ಕೆ ಸಹಿ ಸಮೇತ ಪುರಾವೆ ಇರುತ್ತದಲ್ಲ! ಆ ಹೆಸರಿಗೆ ಸಹಿ ನೋಡಬೇಡ ಅನ್ನೋ 'ಡೊಮೈನ್ ಇನ್‌ಸೆಕ್ಯೂರ್' ಸಾಲು ಸೇರಿಸಿದರೆ ಸರಿಹೋಗುತ್ತದೆ.

ಇಷ್ಟಾದರೂ ಒಬ್ಬರಿಗೆ ಮಾತ್ರ ಒಳಗಿನ ಸೈಟ್ ಬರ್ತಿಲ್ಲ ಅಂದರೆ ಅವರ ಬ್ರೌಸರ್ ನೋಡಿ. ಸೆಕ್ಯೂರ್ ಡಿಎನ್‌ಎಸ್ ಆನ್ ಇದ್ದರೆ ಅದು ನಿಮ್ಮ ಫಾರ್ವರ್ಡರ್ ಕಡೆ ತಿರುಗಿಯೂ ನೋಡದೆ ಹೊರಗೆ ಕೇಳುತ್ತಿರಬಹುದು.